ವಾಟರ್‌ಫ್ರಂಟ್ ಕ್ಯಾಂಪ್ ಸೈಟ್ ಸಿಕ್ತು ಸರಿ, ಗಾಳಿ ಯಾವ ಕಡೆಯಿಂದ?

ಅಮೆರಿಕದ ಫ್ಲೋರಿಡಾದ ತುದೀಲಿರೋ ಪುಟ್ಟ ದ್ವೀಪಗಳ ಸಾಲು ಫ್ಲೋರಿಡಾ ಕೀಸ್‌ಗೆ ಹೋಗೋ ನಮ್ಮವರು ಜಾಸ್ತಿ ಜನ ಸೀದಾ ರೋಡಿನ ಕೊನೇ ದ್ವೀಪ ಕೀ ವೆಸ್ಟ್‌ಗೆ ಹೋಗಿ ದುಬಾರಿ ಹೋಟೆಲಲ್ಲಿ ಇಳ್ಕೊಂಡು ನಾಲ್ಕು ಫೋಟೋ ಹೊಡ್ಕೊಂಡು ಬರ್ತಾರೆ. ನಾವು ಈ ಮಾರ್ಚಲ್ಲಿ ಟ್ಯಾಂಪಾದಿಂದ ಹೋಗಿದ್ದು ಬಹಿಯಾ ಹೊಂಡಾ ಸ್ಟೇಟ್ ಪಾರ್ಕಿಗೆ. ಸೆವೆನ್ ಮೈಲ್ ಬ್ರಿಡ್ಜ್ ದಾಟಿದ ಮೇಲೆ ಸ್ವಲ್ಪ ದೂರ, ಹೈವೇಯ ಮೈಲಿಗಲ್ಲು (ಮೈಲ್ ಮಾರ್ಕರ್) 37ರ ಹತ್ರ. ಅಲ್ಲಿ ನೀರಿನ ಪಕ್ಕ ಟೆಂಟ್ ಹಾಕೋ ಜಾಗ ಸಿಗೋದು ಅಂದ್ರೆ ಸುಮ್ನೆ ಅಲ್ಲ. ಫ್ಲೋರಿಡಾದಲ್ಲಿ ಇರೋರಿಗೆ 11 ತಿಂಗಳು ಮುಂಚೆ ಬುಕಿಂಗ್ ತೆಗೀತಾರೆ, ಹೊರಗಿನ ರಾಜ್ಯದವರಿಗೆ 10 ತಿಂಗಳು, 2024ರಿಂದ ಈ ರೂಲು. ಬೆಳಿಗ್ಗೆ 8ಕ್ಕೆ ಓಪನ್ ಆಗತ್ತೆ, ಕಾಫಿ ಕುಡಿದು ಕೂರೋಣ ಅಂದ್ರೆ ಚಳಿಗಾಲದ ವೀಕೆಂಡ್ ಎಲ್ಲಾ ಆಗ್ಲೇ ಬುಕ್ ಆಗೋಗಿರತ್ತೆ. ನಮಗೆ ಸಿಕ್ಕಿದ್ದು ಯಾರೋ ಕ್ಯಾನ್ಸಲ್ ಮಾಡಿದ್ದು, ಅದೂ ನನ್ನ ಹೆಂಡತಿ ಆಫೀಸ್ ಮೀಟಿಂಗ್ ಮಧ್ಯೆ ಫೋನಲ್ಲಿ ರಿಫ್ರೆಶ್ ಮಾಡ್ತಾ ಮಾಡ್ತಾ ಹಿಡಿದಿದ್ದು.

ಪಾರ್ಕಲ್ಲಿ ಮೂರು ಕಡೆ ಕ್ಯಾಂಪ್ ಇದೆ, ಬಟನ್‌ವುಡ್, ಸ್ಯಾಂಡ್‌ಸ್ಪರ್, ಬೇಸೈಡ್. ಮ್ಯಾಪಲ್ಲಿ ನೋಡಿದ್ರೆ ಮೂರರಲ್ಲೂ ನೀರಿಗೆ ಅಂಟ್ಕೊಂಡಿರೋ ಸೈಟುಗಳು ಕಾಣತ್ತೆ, ಯಾವುದಾದ್ರೇನು ಎಲ್ಲಾ ಸಮುದ್ರನೇ ತಾನೇ ಅನ್ಸತ್ತೆ, ಆದ್ರೆ ಅಲ್ಲಿ ಹೋಗಿ ನಿಂತ್ರೆ ಮೂರೂ ಬೇರೆ ಬೇರೆ ಊರಿನ ಥರ.

ನಮ್ಮದು ಬೇಸೈಡ್. ಒಟ್ಟು ಎಂಟೇ ಸೈಟು ಇರೋ ಪುಟ್ಟ ಜಾಗ, ದ್ವೀಪದ ಉತ್ತರದ ಕಡೆ. ಅಲ್ಲಿಗೆ ಹೋಗೋ ದಾರಿ ಹೈವೇ ಬ್ರಿಡ್ಜ್ ಕೆಳಗಿಂದ ತೂರ್ಕೊಂಡು ಹೋಗತ್ತೆ, ಎತ್ತರ ಬರೀ 6 ಅಡಿ 8 ಇಂಚು, ಅದಕ್ಕೇ ಆರ್‌ವಿ, ಅಂದ್ರೆ ಮಲಗೋಕೆ ಅಡುಗೆಗೆಲ್ಲ ಜಾಗ ಇರೋ ದೊಡ್ಡ ಗಾಡಿ, ಒಂದೂ ಒಳಗೆ ಬರಲ್ಲ, ಜನರೇಟರ್ ಗಲಾಟೆ ಇಲ್ಲ. ಟೆಂಟಿನ ಜಿಪ್ ತೆಗೆದ್ರೆ ನೀರು. ಆದ್ರೆ ತಲೆ ಮೇಲೆ ಅನ್ನೋ ಹಾಗೆ ಯುಎಸ್ 1 ಹೈವೇ, ರಾತ್ರಿ ಲಾರಿ ಹೋದಾಗೆಲ್ಲ ಸೇತುವೆ ಜಾಯಿಂಟ್ ಮೇಲೆ ದಡ್ ದಡ್ ಅಂತ ಸದ್ದು. ನೆಲ ಗಟ್ಟಿ ಜಲ್ಲಿ, ಟೆಂಟ್ ಜೊತೆ ಕೊಡೋ ಆ ತೆಳು ಗೂಟಗಳು ಹೊಡೆದ್ರೆ ಬಗ್ಗೋಗತ್ತೆ, ದಪ್ಪ ಕಬ್ಬಿಣದ ಮೊಳೆ ಮತ್ತೆ ಸುತ್ತಿಗೆ ಬೇಕೇ ಬೇಕು.

ಮೊದಲ ಸಂಜೆ ಗಾಳಿ ಪೂರ್ತಿ ನಿಂತೋಯ್ತು. ಆಗ ಬಂತು ನೋಡಿ ನುಸಿ. ಇಲ್ಲಿನವರು ನೋ-ಸೀ-ಅಮ್ ಅಂತಾರೆ, ಮ್ಯಾಂಗ್ರೋವ್ ಕಡೆಯಿಂದ ಬರೋದು, ಎಷ್ಟು ಚಿಕ್ಕದು ಅಂದ್ರೆ ಸಾಮಾನ್ಯ ಟೆಂಟಿನ ಬಲೆಯಲ್ಲೇ ನುಗ್ಗಿ ಬರತ್ತೆ, ಕಚ್ಚಿದ ಮೇಲೆ ದಿನಗಟ್ಲೆ ಕೆರೀತಾ ಇರ್ಬೇಕು. ಮಕ್ಕಳನ್ನ ಕಾರೊಳಗೆ ಕೂರಿಸಿ ಅಲ್ಲೇ ಚಿತ್ರಾನ್ನ ತಿನ್ನಿಸಿದ್ವಿ. ಮಾರನೇ ದಿನ ಉತ್ತರದಿಂದ ಕೋಲ್ಡ್ ಫ್ರಂಟ್, ಅಂದ್ರೆ ತಣ್ಣನೆ ಗಾಳಿಯ ಅಲೆ ಬಂತು, ಬೇಸೈಡ್ ಉತ್ತರಕ್ಕೇ ಬಾಯಿ ತೆರ್ಕೊಂಡಿರೋದ್ರಿಂದ ಗಾಳಿ ಸೀದಾ ಟೆಂಟಿಗೇ. ರಾತ್ರಿ ಪೂರ್ತಿ ಬಟ್ಟೆ ಪಟಪಟ, ಆದ್ರೆ ಒಂದೇ ಒಂದು ನುಸಿ ಇಲ್ಲ. ನಂಗೆ ಆ ಪಟಪಟನೇ ವಾಸಿ ಅನ್ನಿಸ್ತು, ಹೆಂಡತಿಗೆ ಅನ್ನಿಸ್ಲಿಲ್ಲ.

ನಮ್ಮ ಫ್ರೆಂಡ್ ಫ್ಯಾಮಿಲಿ ಬಾಡಿಗೆ ಆರ್‌ವಿ ತಗೊಂಡು ಬಟನ್‌ವುಡ್‌ನಲ್ಲಿ ಇದ್ರು. ಅಲ್ಲಿ ಕರೆಂಟ್ ಇದೆ, ಗಾಡಿ ಹಿಂದೇನೇ ನೀರು, ಎಸಿ ಹಾಕಿ ಬಾಗಿಲು ಮುಚ್ಚಿದ್ರೆ ನುಸಿನೂ ಇಲ್ಲ. ಆದ್ರೆ ಪಕ್ಕದ ಗಾಡಿಯವರ ಟಿವಿಲಿ ಏನು ಓಡ್ತಿದೆ ಅಂತ ಗೊತ್ತಾಗೋಷ್ಟು ಹತ್ತಿರ, ಇಷ್ಟಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಅನ್ಸತ್ತೆ. ರಾತ್ರಿ ಊಟ ಕದಿಯೋಕೆ ಬರೋ ರಕೂನ್ ಅನ್ನೋ ಪ್ರಾಣಿ ಕಾಟ ಮಾತ್ರ ಎರಡೂ ಕಡೆ ಸಮ. ಕೂಲರ್ ಹೊರಗೆ ಬಿಟ್ಟು ಮಲಗೋ ಹಾಗಿಲ್ಲ, ಮುಚ್ಚಳ ತೆಗಿಯೋದು ಅವಕ್ಕೆ ಚೆನ್ನಾಗಿ ಗೊತ್ತು.

ಸ್ಯಾಂಡ್‌ಸ್ಪರ್‌ಗೆ ನಡ್ಕೊಂಡು ಹೋಗಿ ನೋಡ್ಕೊಂಡು ಬಂದ್ವಿ. ಅದು ಅಟ್ಲಾಂಟಿಕ್ ಕಡೆ, ಬೀಚ್ ಬಗ್ಲಲ್ಲೇ. 2017ರ ಸೆಪ್ಟೆಂಬರಲ್ಲಿ ಇರ್ಮಾ ಚಂಡಮಾರುತ ಇಲ್ಲೇ ಹತ್ತಿರದ ಕಡ್ಜೋ ಕೀ ಮೇಲೆ ಬಂದು ಅಪ್ಪಳಿಸಿದಾಗ ಈ ಭಾಗ ನಾಶ ಆಗಿ ಎಷ್ಟೋ ವರ್ಷ ಮುಚ್ಚಿದ್ರು. ಈಗ ನೆರಳು ಕಮ್ಮಿ, ಮಧ್ಯಾಹ್ನ ಟೆಂಟೊಳಗೆ ಇರೋಕಾಗಲ್ಲ. ಆದ್ರೆ ವರ್ಷದಲ್ಲಿ ಹೆಚ್ಚು ದಿನ ಗಾಳಿ ಬೀಸೋದು ಪೂರ್ವ, ಆಗ್ನೇಯದಿಂದ, ಅದು ನೇರ ಇಲ್ಲಿಗೇ ತಾಗತ್ತೆ. ಅಲೆನೇ ಇಲ್ಲ, ಹೊರಗಿರೋ ಹವಳದ ದಿಬ್ಬಗಳು ತಡೀತವೆ. ಕಾರವಾರದಲ್ಲಿ ಬೆಳೆದ ನಂಗೆ ಇದು ಸಮುದ್ರ ಅಂತ ಒಪ್ಕೊಳ್ಳೋಕೇ ಕಷ್ಟ ಆಯ್ತು, ಅಷ್ಟು ದೂರ ನಡೆದ್ರೂ ಮೊಣಕಾಲು ನೀರು, ಮಕ್ಕಳಿಗೆ ಸ್ವರ್ಗ. ದಡಕ್ಕೆ ಬಂದು ಕೊಳೆಯೋ ಸಮುದ್ರದ ಹುಲ್ಲಿನ (ಸೀಗ್ರಾಸ್) ವಾಸನೆ ಮಾತ್ರ ಕೊಳೆತ ಮೊಟ್ಟೆದು, ಯಾವ ಸೈಟ್ ಫೋಟೋದಲ್ಲೂ ಅದು ಬರಲ್ಲ.

ಇದೆಲ್ಲಾ ಸರಿಯಾಗಿ ಅರ್ಥ ಆಗಿದ್ದು ಹಳೇ ರೈಲ್ವೆ ಸೇತುವೆ ಮೇಲೆ ಹತ್ತಿ ನಿಂತಾಗ. ಫ್ಲ್ಯಾಗ್ಲರ್ ಅನ್ನೋ ಸಾಹುಕಾರ ಸಮುದ್ರದ ಮೇಲೇ ಕೀ ವೆಸ್ಟ್‌ವರೆಗೂ ರೈಲು ಹಾಕಿಸಿದ್ದ, 1912ರಲ್ಲಿ ಶುರುವಾಯ್ತು, 1935ರ ಚಂಡಮಾರುತಕ್ಕೆ ಹಳಿ ಕೊಚ್ಚಿಹೋಗಿ ನಿಂತೋಯ್ತು. ಆಮೇಲೆ ಸರ್ಕಾರ ಅದನ್ನ ಕೊಂಡು 1938ರಲ್ಲಿ ರೋಡ್ ಮಾಡ್ತು. ಇಲ್ಲಿ ಕಬ್ಬಿಣದ ಚೌಕಟ್ಟಿನ ಒಳಗೆ ಎರಡು ಲೇನ್ ಹಿಡಿಸ್ಲಿಲ್ಲ ಅಂತ ಚೌಕಟ್ಟಿನ ನೆತ್ತಿ ಮೇಲೇ ರೋಡ್ ಕೂರಿಸಿದಾರೆ! ಈಗ ನಡುವೆ ಒಂದು ತುಂಡು ತೆಗೆದು ಹಾಗೇ ಬಿಟ್ಟಿದಾರೆ. ಅದರ ಮೇಲಿಂದ ನೋಡಿದ್ರೆ ಹೈವೇ ಎಲ್ಲಿ, ಗಾಳಿ ಯಾವ ಕಡೆ ನೀರನ್ನ ಕೆದಕ್ತಿದೆ, ಯಾವ ಕಡೆ ತಣ್ಣಗೆ ಹಸಿರಾಗಿದೆ ಎಲ್ಲಾ ಒಂದೇ ನೋಟಕ್ಕೆ ಸಿಗತ್ತೆ. ಹೋದ ದಿನಾನೇ ಹತ್ತಿ ನೋಡಿ.

ವಾಪಸ್ ಬರೋ ದಾರಿಲೇ ಮುಂದಿನ ವರ್ಷದ ಚರ್ಚೆ ಶುರು. ನಂಗೆ ಮತ್ತೆ ಬೇಸೈಡೇ ಇರ್ಲಿ, ಗಾಳಿ ಇರೋ ಜನವರಿಲಿ. ಹೆಂಡತಿ ಸ್ಯಾಂಡ್‌ಸ್ಪರ್ ಅಂತಾಳೆ, ಜೊತೆಗೆ ನೆರಳಿಗೆ ದೊಡ್ಡ ಟಾರ್ಪಾಲ್. ಫ್ರೆಂಡ್ ಹೆಂಡತಿ ಗ್ರೂಪಲ್ಲಿ ಮೆಸೇಜ್ ಹಾಕಿದಾರೆ, ನೀವೆಲ್ಲಿ ಬೇಕಾದ್ರೂ ಮಲ್ಕೊಳ್ಳಿ, ಊಟಕ್ಕೆ ಮಾತ್ರ ಬಟನ್‌ವುಡ್‌ಗೇ ಬರ್ಬೇಕು, ರೈಸ್ ಕುಕ್ಕರ್ ಇರೋದು ಇಲ್ಲೇ ಅಂತ.