ಅನಾರೋಗ್ಯದ ನಿಮಿತ್ತ

24 ಸೆಪ್ಟೆಂಬರ್ 2024, ಮಂಗಳವಾರ
ಕಲಬುರಗಿ

ಕಾಕಾನ ಕಣ್ಣಿಗೆ ದಿನಕ್ಕೆ ಆರು ಸಲ ಹನಿ. ಪೊರೆ ಆಪರೇಷನ್ ಆಗಿ ನಾಲ್ಕು ದಿನ ಆಯ್ತು. ಟಿವಿ ನೋಡಬಾರದು ಅಂತ ಡಾಕ್ಟರ್ ಹೇಳಿದ್ದಕ್ಕೆ ಕರಿ ಕನ್ನಡಕ ಹಾಕ್ಕೊಂಡು ಟಿವಿಗೆ ಬೆನ್ನು ಮಾಡಿ ಕೂತಿರ್ತಾನೆ. "ಕೇಳಬ್ಯಾಡ ಅಂದಿಲ್ಲಲ್ಲ!"

ಇವತ್ತು ಮಧ್ಯಾಹ್ನದಿಂದ ಒಂದೇ ಸುದ್ದಿ. ಮುಡಾ ಪ್ರಕರಣದಲ್ಲಿ ಮುಖ್ಯಮಂತ್ರಿಗಳ ಅರ್ಜಿ ಹೈಕೋರ್ಟಿನಲ್ಲಿ ವಜಾ. ಆಮೇಲೆ ಎಲ್ಲ ಚಾನೆಲ್ಲಿನಲ್ಲೂ ರಾಜೀನಾಮೆ ಕೊಡಲಿ, ಯಾಕೆ ಕೊಡಬೇಕು, ಅದೇ ಗದ್ದಲ. ರಾಜೀನಾಮೆ ಅನ್ನೋ ಶಬ್ದ ಬಂದಾಗಲೆಲ್ಲ ನಾನು ಕಾಕಾನ ಕಡೆ ನೋಡಿದೆ. ಕರಿ ಕನ್ನಡಕದೊಳಗೆ ಏನು ಕಾಣಿಸುತ್ತೆ, ಮಣ್ಣು.

ಟಿವಿ ಆರಿಸಿ ನಾಳೆಯ ಪಾಠ ತೆಗೆದೆ. ನನಗೆ ಗಟ್ಟಿಯಾಗಿ ಓದದಿದ್ದರೆ ತಲೆಗೆ ಹತ್ತೋದಿಲ್ಲ. ಸಂಸದರ ಉಚ್ಚಾಟನೆ, ಮೊದಲ ಪ್ರಕರಣ: ಎಚ್.ಜಿ. ಮುದಗಲ್. ಪೂರ್ತಿ ಹೆಸರು ಹುಚ್ಚೇಶ್ವರ ಗುರುಸಿದ್ಧ ಮುದಗಲ್. ಕೇಳಿದರೆ ನಮ್ಮ ಬೀಗರ ಪೈಕಿ ಯಾರೋ ಇರಬೇಕು ಅನಿಸುತ್ತೆ. ಪ್ರತಿ ಬ್ಯಾಚಿನಲ್ಲೂ ಒಬ್ಬನಾದರೂ "ಮ್ಯಾಡಂ, ಲಿಂಗಸುಗೂರ ಹತ್ರದ ಮುದಗಲ್ಲೇನ್ರಿ?" ಅಂತ ಕೇಳೇ ಕೇಳ್ತಾನೆ. ಆ ಮನುಷ್ಯ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯವರ 'ನೀಗ್ರೋ ವರ್ಲ್ಡ್' ಪತ್ರಿಕೆ ನಡೆಸಿದವನು ಅಂದರೆ ಹುಡುಗರು ನಂಬೋದಿಲ್ಲ. ಅಲ್ಲಿಂದ ತಿರುಗಿ ಬಂದು, ಮೊದಲ ಚುನಾವಣೆಗೆ ಮುಂಚೆ ಇದ್ದ ಹಂಗಾಮಿ ಸಂಸತ್ತಿನಲ್ಲಿ ಕಾಂಗ್ರೆಸ್ ಸದಸ್ಯನಾದ. ಮುಂಬಯಿಯ ಬೆಳ್ಳಿಬಂಗಾರ ವ್ಯಾಪಾರಿಗಳ ಸಂಘದಿಂದ ದುಡ್ಡು ತಗೊಂಡು ಅವರ ಪರ ಪ್ರಶ್ನೆ ಕೇಳಿದ, ಮಸೂದೆಗೆ ತಿದ್ದುಪಡಿ ಸೂಚಿಸಿದ ಅಂತ ಆರೋಪ ಬಂತು. 1951ರ ಜೂನ್ 8ರಂದು ವಿಚಾರಣಾ ಸಮಿತಿ, ಟಿ.ಟಿ. ಕೃಷ್ಣಮಾಚಾರಿ ಅದರ ಅಧ್ಯಕ್ಷರು. ಸೆಪ್ಟೆಂಬರ್ 24ಕ್ಕೆ ಉಚ್ಚಾಟನೆಯ ಗೊತ್ತುವಳಿ. ಇದೇ ತಾರೀಕು! ತಂದವರು ಸ್ವತಃ ನೆಹರೂ, ತಮ್ಮ ಪಕ್ಷದವನ ಮೇಲೇ. ಮುದಗಲ್ ತನ್ನ ಹೇಳಿಕೆ ಮುಗಿಸಿ ಡೆಪ್ಯುಟಿ ಸ್ಪೀಕರ್ ಕೈಗೆ ರಾಜೀನಾಮೆ ಕೊಟ್ಟುಬಿಟ್ಟ.

"ಕೊಟ್ಟ ಮ್ಯಾಗ ಬಿಟ್ರೇನು?" ಕಾಕಾ ಕೇಳ್ತಿದ್ದಾನೆ ಅಂತ ಆಗಲೇ ಗೊತ್ತಾಗಿದ್ದು.

"ಬಿಡ್ಲಿಲ್ಲ ಕಾಕಾ." ಮರುದಿನ ಸದನ ಗೊತ್ತುವಳಿಯನ್ನೇ ತಿದ್ದಿ, ಈತ ಉಚ್ಚಾಟನೆಗೆ ಅರ್ಹನಾಗಿದ್ದ ಅಂತ ಒಮ್ಮತದಿಂದ ಬರೆಸಿತು. ಆ ರಾಜೀನಾಮೆ ಪತ್ರದ ಒಕ್ಕಣೆಯೇ ಸದನಕ್ಕೆ ಮಾಡಿದ ಅವಮಾನ, ಅದರಿಂದ ತಪ್ಪು ಇನ್ನಷ್ಟು ಹೆಚ್ಚಿತು ಅಂತಲೂ ಸೇರಿಸಿತು. 2005ರಲ್ಲಿ ಪ್ರಶ್ನೆ ಕೇಳೋಕೆ ದುಡ್ಡು ತಗೊಂಡರು ಅಂತ 11 ಸಂಸದರನ್ನು ಹೊರಹಾಕುವಾಗಲೂ ಈ ಕಡತವೇ ಮತ್ತೆ ಹೊರಗೆ ಬಂತು.

ಕಾಕಾ ಬಾಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಂದು ಒಕ್ಕಣಿ ನೀನೇ ಬರ್ದಿದ್ದೆವ್ವಾ."

ಪಿಯುಸಿ ಎರಡನೇ ವರ್ಷ ಆಗ ನಾನು. ಊರ ಸೊಸೈಟಿಯ ಗೋದಾಮಿನಲ್ಲಿ 14 ಚೀಲ ಯೂರಿಯಾ ಲೆಕ್ಕಕ್ಕೆ ಸಿಗಲಿಲ್ಲ, ಸೆಕ್ರೆಟರಿ ಕಾಕಾ. ನನ್ನ ಅಕ್ಷರ ದುಂಡಗಿವೆ ಅಂತ ನನ್ನನ್ನೇ ಕೂರಿಸಿದರು. ಅಪ್ಪ ಹೇಳ್ತಾ ಹೋದ, ನಾ ಬರೆದೆ. 'ನನ್ನ ಅನಾರೋಗ್ಯದ ನಿಮಿತ್ತ'. ಕ್ವಿಂಟಲ್ ತೊಗರಿ ಚೀಲ ಒಬ್ಬನೇ ಬೆನ್ನಿಗೇರಿಸ್ತಿದ್ದ ಆಳು ಅವ. 'ರೋ' ಸರಿಬರಲಿಲ್ಲ ಅಂತ ಒಂದು ಹಾಳೆ ಹರಿದು ಮತ್ತೆ ಬರೆದೆ. ಕಾಕಾ ಓದಲಿಲ್ಲ, ಸಹಿ ಹಾಕಿ ಪೆನ್ನಿನ ಟೊಪ್ಪಿಗೆ ಮುಚ್ಚಿ ನನ್ನ ಕೈಗೆ ಕೊಟ್ಟ.

"ಪತ್ರ ಕೊಟ್ರ ಎನ್ಕ್ವೈರಿ ನಿಂದರ್ತದ ಅಂದ್ರು. ನಿಂತುಬಿಟ್ತು. ಗೋದಾಮಿಗಿ ಎರಡು ಕೀಲಿಕೈ ಇದ್ವು, ಇನ್ನೊಂದು ಯಾರ ಹಂತೇಕ ಇತ್ತು ಅಂತ ಯಾರೂ ಕೇಳ್ಲಿಲ್ಲ. ನಿಮ್ಮ ಆ ಮುದಗಲ್‌ಗ ತುಂಬಿದ ಸಭಾದಾಗ ತಪ್ಪು ಮಾಡೀದಿ ಅಂದ್ರು. ನನಗ ಇಷ್ಟು ವರ್ಷದಾಗ ಒಬ್ರೂ ಮಾರಿ ಮುಂದ ಕಳ್ಳ ಅಂದಿಲ್ಲ. ಅಲ್ಲ ಅಂತನೂ ಅಂದಿಲ್ಲ."

ನಾನೂ ಅಂದಿಲ್ಲ. ಇವತ್ತೂ ಅನ್ನಲಿಲ್ಲ. ರೊಟ್ಟಿ ಬಿಸಿ ಇದಾವೆ ಏಳು ಅಂದೆ.

ಪುಂಡಿಪಲ್ಯ ಚಲೋ ಆಗಿತ್ತು, ಎರಡು ರೊಟ್ಟಿ ಜಾಸ್ತಿನೇ ಉಂಡ. ಖಾರ ತಿನ್ನಬಾರದು ಅಂತ ಡಾಕ್ಟರ್ ಹೇಳಿಲ್ಲವಂತೆ, ಶೇಂಗಾ ಹಿಂಡಿ ಮೇಲೆ ಹಿಂಡಿ! ಹೊರಗೆ ಸಣ್ಣ ಮಳೆ ಶುರುವಾಗಿದೆ. ನಾಳೆ ಹುಡುಗರು ಇದು ಎಷ್ಟು ಮಾರ್ಕಿಗೆ ಬರ್ತದ ಅಂತ ಕೇಳಿಯೇ ಪೆನ್ನು ಎತ್ತೋದು.

ಹತ್ತು ಗಂಟೆಗೆ ಕೊನೆಯ ಹನಿ. ತಲೆ ಹಿಂದಕ್ಕೆ ಒರಗಿಸಿ, ಕೆಳರೆಪ್ಪೆ ಬೆರಳಲ್ಲಿ ಜಗ್ಗಿ ಹಿಡಿದೆ. ಅಷ್ಟು ಹತ್ತಿರದಿಂದ ಅವನ ಕಣ್ಣು ನೋಡಿದ್ದೇ ಇಲ್ಲ. ಬಿಳಿ ಭಾಗದಲ್ಲಿ ಒಂದು ಕೆಂಪು ಎಳೆ, ಹನಿ ಬಿದ್ದ ಮೇಲೂ ಮುಚ್ಚದೆ ನನ್ನನ್ನೇ ನೋಡ್ತಿತ್ತು. ಕೀಲಿಕೈ ಯಾರ ಹತ್ತಿರ ಇತ್ತು ಅಂತ ಕೇಳೋಕೆ ಬಾಯಿ ತೆರೆದವಳು, ಅಲ್ಲಾಡಬ್ಯಾಡ ಕಾಕಾ ಅಂದೆ.

ಅನಾರೋಗ್ಯದ ನಿಮಿತ್ತ ಅಂತ ಅಪ್ಪ ಎಲ್ಲೂ ತಡವರಿಸದೆ ಹೇಳಿದ್ದ, ಮೊದಲೇ ಬಾಯಿಪಾಠ ಮಾಡಿಟ್ಟವರ ಹಾಗೆ. ಅಪ್ಪನೂ ಆಗ ಅದೇ ಸೊಸೈಟಿಯ ಕಮಿಟಿಯಲ್ಲಿ