ಎಡ ಚಾನಲ್‌ನ ಗುಂಯ್ ಸದ್ದು: ಕಳ್ಳ ಸಿಕ್ಕಿದ

ಎಲ್‌ಎಂ1875 ಎಂಬ ಆಡಿಯೋ ಚಿಪ್‌ನ ನನ್ನ ಆಂಪ್ಲಿಫೈಯರ್ ಚೆನ್ನಾಗಿಯೇ ಹಾಡುತ್ತಿದೆ. ಹಾಡು ನಿಂತಾಗ ಮಾತ್ರ ಎಡಗಡೆ ಸ್ಪೀಕರ್‌ನಲ್ಲಿ ಗುಂಯ್ ಅಂತ ಒಂದೇ ಸಮನೆ ಸದ್ದು. ಬಲಗಡೆ ಕಿವಿ ಹಚ್ಚಿದರೂ ಏನೂ ಇಲ್ಲ. ಸ್ಪೀಕರ್‌ಗಳನ್ನು ಅದಲುಬದಲು ಮಾಡಿದೆ. ಸದ್ದು ಎಡ ಚಾನಲ್ ಬಿಟ್ಟು ಕದಲಲಿಲ್ಲ.

ಮೊದಲು ಇನ್‌ಪುಟ್ ಕೇಬಲ್ ಕಿತ್ತು, ಆ ಜಾಗಕ್ಕೆ ನಡುವಿನ ಪಿನ್ನನ್ನು ಗ್ರೌಂಡ್‌ಗೆ (ಸರ್ಕ್ಯೂಟ್‌ನ ಸೊನ್ನೆ ವೋಲ್ಟ್ ಕಡೆಗೆ) ಸೇರಿಸಿದ ಪ್ಲಗ್ ಸಿಕ್ಕಿಸಿದೆ. ಸದ್ದು ಹಾಗೇ ಇದೆ. ವಾಲ್ಯೂಮ್ ಸೊನ್ನೆಗೆ ತಂದೆ, ಆಗಲೂ ಅಷ್ಟೇ. ಅಂದರೆ ಹೊರಗಿನಿಂದ ಏನೂ ಬರುತ್ತಿಲ್ಲ, ವಾಲ್ಯೂಮ್ ಪಾಟ್ (ವಾಲ್ಯೂಮ್ ತಿರುಗಿಸುವ ಗುಂಡಿಯ ರೆಸಿಸ್ಟರ್) ದಾಟಿದ ಮೇಲೆಯೇ ಇದೆ ತೊಂದರೆ.

ಆಮೇಲೆ ಫೋನ್‌ನಲ್ಲಿ 50 ಹರ್ಟ್ಸ್, 100 ಹರ್ಟ್ಸ್ ಸ್ವರಗಳನ್ನು ಹೆಡ್‌ಫೋನ್ ಹಾಕಿ ಕೇಳಿ ಹೋಲಿಸಿದೆ. ನನ್ನದು 100, ಅದೂ ಸ್ವಲ್ಪ ಗರಗರ ಬೆರೆತದ್ದು. ಬರೀ 50 ಆಗಿದ್ದರೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದ ಮೇಲೋ ಅರ್ತ್ ಲೂಪ್ (ಎರಡು ಉಪಕರಣಗಳ ಅರ್ತ್ ವೈರ್‌ಗಳು ಸೇರಿ ಆಗುವ ಸುತ್ತು) ಮೇಲೋ ಅನುಮಾನ ಪಡಬೇಕಿತ್ತು. 100 ಎಂದರೆ ರೆಕ್ಟಿಫೈಯರ್, ಅಂದರೆ ಎಸಿಯನ್ನು ಡಿಸಿ ಮಾಡುವ ಭಾಗದ ಕಡೆಯದು.

ಇಂಥ ಕಡೆ ಎಲ್ಲರೂ ಹೇಳುವುದು ಒಂದೇ: ಇನ್ನೂ ದೊಡ್ಡ ಕೆಪಾಸಿಟರ್ ಹಾಕು. ನನಗೆ ಇದು ಒಪ್ಪಿಗೆಯಿಲ್ಲ. ಎರಡೂ ಚಾನಲ್‌ಗೆ ಪವರ್ ಸಪ್ಲೈ ಒಂದೇ. ರಿಪಲ್ (ಕೆಪಾಸಿಟರ್ ಅಳಿಸದೆ ಡಿಸಿಯಲ್ಲಿ ಉಳಿದ ಏರಿಳಿತ) ಕಾರಣವಾಗಿದ್ದರೆ ಬಲಗಡೆಯೂ ಗುಂಯ್ ಅನ್ನಬೇಕಿತ್ತು, ಅಲ್ವಾ? ದೊಡ್ಡ ಕೆಪಾಸಿಟರ್ ಹಾಕಿದರೆ ಚಾರ್ಜ್ ಆಗುವ ಕರೆಂಟ್ ಇನ್ನೂ ಚೂಪಾಗಿ, ಇನ್ನೂ ಜೋರಾಗಿ ನುಗ್ಗಬಹುದು.

ಹಾಗಾಗಿ ಗ್ರೌಂಡ್ ವೈರ್‌ಗಳನ್ನು ಒಂದೊಂದೇ ಬೆರಳಿಟ್ಟು ಹಿಂಬಾಲಿಸಿದೆ. (ಸ್ವಿಚ್ ಆರಿಸಿ, ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿಕೊಂಡ ಮೇಲೆ.) ಪ್ಲಸ್ ಕಡೆಗೊಂದು, ಮೈನಸ್ ಕಡೆಗೊಂದು 10,000 ಮೈಕ್ರೋಫ್ಯಾರಡ್ ಕೆಪಾಸಿಟರ್. ಇವೆರಡರ ಗ್ರೌಂಡ್ ಕಾಲುಗಳನ್ನು ಜೋಡಿಸುವುದು ಐದು ಸೆಂಟಿಮೀಟರ್‌ನ ಸಣ್ಣ ವೈರ್. ಇನ್‌ಪುಟ್ ಗ್ರೌಂಡ್ ಮತ್ತು ಬಲ ಚಾನಲ್ ಅದರ ಒಂದು ತುದಿಯಲ್ಲಿ, ಎಡ ಚಾನಲ್ ಇನ್ನೊಂದು ತುದಿಯಲ್ಲಿ. ಸಿಕ್ಕಿದ ಕಳ್ಳ!

ಸೆಕೆಂಡಿಗೆ 100 ಸಲ ಕೆಪಾಸಿಟರ್‌ಗಳು ಚಾರ್ಜ್ ಆಗುವಾಗ ಆ ಕರೆಂಟ್ ಹಾಯುವುದು ಇದೇ ತುಂಡಿನಲ್ಲಿ. ಅದರ ರೆಸಿಸ್ಟೆನ್ಸ್ ಹೆಚ್ಚೆಂದರೆ ಎರಡು ಮಿಲಿಓಮ್. ಆದರೂ ಸುಮಾರು 0.7 ಮಿಲಿವೋಲ್ಟ್ ಬೀಳುತ್ತದೆ, ಚಿಪ್ ಅದನ್ನು ಹಾಡು ಅಂದುಕೊಂಡು 21 ಪಟ್ಟು ಹಿಗ್ಗಿಸುತ್ತದೆ. ಮೀಟರ್‌ನಲ್ಲಿ ಸ್ಪೀಕರ್ ಹತ್ತಿರ 14 ಮಿಲಿವೋಲ್ಟ್ ಎಸಿ ಇತ್ತು. ಲೆಕ್ಕ ಕೂಡಿತು.

ಈಗ ಎರಡು ಕಾಲುಗಳ ನಡುವೆ ದಪ್ಪ ತಾಮ್ರದ ಪಟ್ಟಿ ಬೆಸುಗೆ ಹಾಕಿದೆ. ಅದರ ಮಧ್ಯದಿಂದ ಒಂದು ವೈರ್ ಹೊರಗೆ ತಂದು ಬೇರೆ ಬೋಲ್ಟ್‌ಗೆ ಕಟ್ಟಿದೆ. ಉಳಿದ ಎಲ್ಲ ಗ್ರೌಂಡ್‌ಗಳೂ ಆ ಬೋಲ್ಟ್‌ಗೇ, ಪಟ್ಟಿಯ ಮೇಲೆ ಯಾವುದೂ ಇಲ್ಲ. ಮೀಟರ್ ಈಗ ಅರ್ಧ ಮಿಲಿವೋಲ್ಟ್ ಕೂಡ ತೋರಿಸುತ್ತಿಲ್ಲ.

ಹಾಗೇ ಇನ್ನೊಂದು ಚಿಕ್ಕ ಕೆಲಸ. ಪಾಟ್‌ನ ಲೋಹದ ಮೈಗೆ ಗ್ರೌಂಡ್ ಇರಲಿಲ್ಲ, ಕೈ ಹತ್ತಿರ ತಂದರೆ ಗೊಣಗುತ್ತಿತ್ತು. ಒಂದು ವೈರ್ ಹಾಕಿದೆ, ಸುಮ್ಮನಾಯಿತು.

ಉಳಿದಿರುವುದು ಲ್ಯಾಪ್‌ಟಾಪ್ ಕಾಟ. ಚಾರ್ಜರ್ ಹಾಕಿದ್ದರೆ ಮೌಸ್ ಆಡಿಸಿದಾಗೆಲ್ಲ ಸಣ್ಣಗೆ ಕಿರ್ ಅನ್ನುತ್ತದೆ, ಬ್ಯಾಟರಿಯಲ್ಲಿ ಇಲ್ಲ. ಇದು ಅರ್ತ್ ಲೂಪ್. ಪ್ಲಗ್‌ನ ಅರ್ತ್ ಪಿನ್ ಕೀಳುವ ಉಪಾಯ ಮಾತ್ರ ಬೇಡ, ಪೆಟ್ಟಿಗೆಗೆ ಕರೆಂಟ್ ಬಂದರೆ ಜೀವಕ್ಕೇ ಅಪಾಯ. ಸಿಗ್ನಲ್ ಗ್ರೌಂಡ್‌ಗೂ ಬೋಲ್ಟ್‌ಗೂ ನಡುವೆ 10 ಓಮ್ ರೆಸಿಸ್ಟರ್ ಹಾಕಿ ನೋಡಬೇಕು. ಅದಕ್ಕೂ ಬಗ್ಗದಿದ್ದರೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್.