ಮಿಕ್ಸ್‌ನಲ್ಲಿ ಮುಳುಗಿದ ಬೇಸ್

ಹೋದ ವಾರ ಬರೆದ ಹೆವಿ ಮೆಟಲ್ ಆಲ್ಬಮ್ ವಿಮರ್ಶೆಯಲ್ಲಿ ಬೇಸ್ ಗಿಟಾರ್, ಅಂದರೆ ಕೆಳಸ್ವರದ ಗಿಟಾರ್ ಬಗ್ಗೆ ಇದ್ದಿದ್ದು ಒಂದೇ ಸಾಲು. ನಾಲ್ಕನೇ ಹಾಡಿನ ನಡುವೆ ಎರಡೂ ಗಿಟಾರ್ ಒಂದೇ ರಿಫ್ (ಮತ್ತೆ ಮತ್ತೆ ಬರುವ ಸ್ವರಗುಚ್ಛ) ಹಿಡಿದು ನಿಂತಾಗ, ಬೇಸ್ ಮಾತ್ರ ಕೆಳಗೆ ಬೇರೆ ದಾರಿಗೆ ಇಳಿಯುತ್ತದೆ, ಹಾಡು ತಿರುಗುವುದೇ ಅಲ್ಲಿ ಅಂತ ಬರೆದಿದ್ದೆ. ಅದನ್ನು ಓದಿ ಆ ಬ್ಯಾಂಡಿನಲ್ಲಿ ಬೇಸ್ ನುಡಿಸುವ ಹುಡುಗ ಫೋನ್ ಮಾಡಿದ. ಹೆಸರು ಹೇಳಿದ್ದೇ ತಡ, ಕೇಳಿದ: "ಸರ್, ಅದು ನಿಮಗೆ ನಿಜವಾಗ್ಲೂ ಕೇಳಿಸ್ತಾ?"

ಕೇಳಿಸ್ತಲ್ಲ, ಅದಕ್ಕೇ ಬರೆದೆ ಅಂದೆ.

"ಮಿಕ್ಸ್ ಆದ್ಮೇಲೆ ನನಗೇ ಕೇಳಿಸ್ಲಿಲ್ಲ ಸರ್."

ದೂರಿನ ದನಿ ಅಲ್ಲ ಅದು. ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದ. ಅದಕ್ಕೇ ನನಗೆ ಜಾಸ್ತಿ ಸಂಕಟವಾಯಿತು. ಎಲ್ಲ ವಾದ್ಯಗಳ ರೆಕಾರ್ಡಿಂಗ್ ಬೆರೆಸಿ ಹದ ಮಾಡುವ ಮಿಕ್ಸ್‌ನಲ್ಲಿ ತಾನು ನುಡಿಸಿದ್ದು ತನಗೇ ಕೇಳಿಸದಿರುವುದು ಮಾಮೂಲು ಅಂತ ಇಷ್ಟು ಚಿಕ್ಕ ವಯಸ್ಸಿಗೇ ಒಪ್ಪಿಕೊಂಡಿದ್ದಾನೆ.

ಹೆವಿ ಮೆಟಲ್‌ನಲ್ಲಿ ಬೇಸ್ ಮುಳುಗುವುದಕ್ಕೆ ಕಾರಣ ಇದೆ. ಬೇಸ್‌ನ ಕೆಳಗಿನ ಇ ತಂತಿಯ ಸ್ವರ ಸುಮಾರು 41 ಹರ್ಟ್ಜ್. ಗಿಟಾರ್‌ನ ಕೆಳಗಿನ ಇ ಸುಮಾರು 82. ನಡುವೆ ಒಂದು ಇಡೀ ಆಕ್ಟೇವ್, ಅಂದರೆ ಒಂದು ಸ್ಥಾಯಿಯಷ್ಟು ಜಾಗ ಇರುತ್ತದೆ. ಈಗಿನ ಬ್ಯಾಂಡ್‌ಗಳು ಭಾರ ಬೇಕು ಅಂತ ಗಿಟಾರನ್ನೇ ಬಿ ಸ್ವರದ ತನಕ ಇಳಿಸುತ್ತವೆ, ಅಂದರೆ ಸುಮಾರು 62ಕ್ಕೆ. ಆಮೇಲೆ ಅದೇ ರಿಫ್ಫನ್ನು ಎರಡು ಸಲ ನುಡಿಸಿ ಎಡಕ್ಕೊಂದು ಬಲಕ್ಕೊಂದು ಇಡುತ್ತಾರೆ, ಮೇಲೆ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್. ಕೆಳಗೆ ಎರಡೂ ಕಾಲಲ್ಲಿ ಬಾರಿಸುವ ಡಬಲ್ ಬೇಸ್ ಡ್ರಮ್ ಒಂದೇ ಸಮನೆ ಹೊಡೆಯುತ್ತಿರುತ್ತದೆ. ಉಳಿದ ಸಂದಿಯಲ್ಲಿ ಬೇಸ್ ನುಸುಳಬೇಕು. ಫೋನಿನ ಸ್ಪೀಕರ್‌ನಲ್ಲಂತೂ ಅಷ್ಟು ಕೆಳಗಿನ ಸ್ವರ ಬರುವುದೇ ಇಲ್ಲ.

ಆದರೆ ಕಾರಣ ಇದೆ ಅಂದಮಾತ್ರಕ್ಕೆ ಅನಿವಾರ್ಯ ಅಂತಲ್ಲ. ಯಾರೋ ಕೂತು ದನಿ ಏರಿಳಿಸುವ ಫೇಡರ್ ಇಳಿಸಿರುತ್ತಾರೆ. ಅಮೆರಿಕದ ಮೆಟಾಲಿಕಾ ಬ್ಯಾಂಡಿನ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್‌ನ ಬಸ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದರು. ಅವರು ನುಡಿಸಿದ 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್‌ನಲ್ಲಿ ಬೇಸ್ ಹುಡುಕಿದರೂ ಸಿಗುವುದಿಲ್ಲ. ಡ್ರಮ್ಮರ್ ಲಾರ್ಸ್ ಉಲ್ರಿಚ್ ಇಳಿಸಲು ಹೇಳಿದರು ಅಂತ ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್ ಎಷ್ಟೋ ವರ್ಷದ ಮೇಲೆ ಹೇಳಿಕೊಂಡರು. 2018ರಲ್ಲಿ ಆಲ್ಬಮ್ ರೀಮಾಸ್ಟರ್ ಆಗಿ ಮತ್ತೆ ಬಂದಾಗಲೂ ಬೇಸ್ ಇದ್ದಲ್ಲೇ ಇತ್ತು. ಅಭಿಮಾನಿಗಳೇ ಬೇಸ್ ಏರಿಸಿ ತಮ್ಮದೇ ಆವೃತ್ತಿ ಮಾಡಿಕೊಂಡರು. ಆ ಹಾಡುಗಳನ್ನು ನಾನು ತುಂಬ ಪ್ರೀತಿಸುತ್ತೇನೆ, ಆದರೂ ಆ ಮಿಕ್ಸ್‌ನ್ನು ಕ್ಷಮಿಸಲು ಮನಸ್ಸು ಬರುವುದಿಲ್ಲ.

ಈ ಹುಡುಗನ ಬ್ಯಾಂಡಿನಲ್ಲೂ ಇಳಿಸಿದವರು ಯಾರು ಅಂತ ಗೊತ್ತಾಯಿತು. ಮರುದಿನ ಅವರ ಲೀಡ್ ಗಿಟಾರಿಸ್ಟ್ ಮೆಸೇಜ್ ಹಾಕಿದ್ದ. ಮಿಕ್ಸಿಂಗ್ ತನ್ನದೇ ಅಂತ ಹೆಮ್ಮೆಯಿಂದ ಹೇಳಿ, ಆರನೇ ಹಾಡಿನ ಸೋಲೋ ಬಗ್ಗೆ ಯಾಕೆ ಬರೆದಿಲ್ಲ ಅಂತ ಕೇಳಿದ್ದ. ಕೈ ಚೆನ್ನಾಗಿ ಓಡುತ್ತದೆ ಅವನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಕಿವಿ ಅವನ ಗಿಟಾರ್ ಬಿಟ್ಟು ಆಚೆ ಹೋಗಿಲ್ಲ. ಅಂಥವರ ಕೈಗೆ ಮಿಕ್ಸ್ ಕೊಡಬಾರದು. ಇದನ್ನು ಅವನಿಗೂ ನೇರವಾಗಿ ಬರೆದೆ. ಉತ್ತರ ಬಂದಿಲ್ಲ.

ನಮ್ಮ ಸಂಪಾದಕರು ಒಳ್ಳೆಯವರು, ಆದರೆ ಅವರಿಗೆ ವಿಮರ್ಶೆಗೆ ಕೊಡುವ ಸ್ಟಾರ್ ರೇಟಿಂಗ್ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. 2015ರಿಂದ ಹೆಚ್ಚಿನ ದೇಶಗಳಲ್ಲಿ ಹೊಸ ಆಲ್ಬಮ್ ಬರುವುದು ಶುಕ್ರವಾರ. ಶುಕ್ರವಾರ ಸಂಜೆಗೇ ಅವರಿಗೆ ವಿಮರ್ಶೆ ಬೇಕು. "ಒಂದ್ಸಲ ಕೇಳಿದ್ರೆ ಗೊತ್ತಾಗಲ್ವಾ?" ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ತಲುಪುವುದು ಗದ್ದಲ, ವೇಗ, ಗಾಯಕನ ಗಂಟಲು. ಎರಡನೇ ಸಲಕ್ಕೆ ರಿಫ್ ಬಿಡಿಬಿಡಿಯಾಗುತ್ತದೆ. ಆ ನಾಲ್ಕನೇ ಹಾಡಿನ ಬೇಸ್ ನನಗೆ ಕೇಳಿಸಿದ್ದು ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿ, ದನಿ ತಗ್ಗಿಸಿ ಕೂತಾಗ. ಹೌದು, ತಗ್ಗಿಸಿದಾಗಲೇ. ಈಗ ಎಷ್ಟೋ ಆಲ್ಬಮ್‌ಗಳ ಮಾಸ್ಟರಿಂಗ್‌ನಲ್ಲಿ, ಅಂದರೆ ಮಿಕ್ಸ್ ಆದ ಮೇಲಿನ ಕೊನೆಯ ಹಂತದಲ್ಲಿ, ಎಲ್ಲವನ್ನೂ ಮೇಲಕ್ಕೆ ಒತ್ತಿ ಒಂದೇ ಎತ್ತರಕ್ಕೆ ತಂದಿಡುತ್ತಾರೆ. ದನಿ ಏರಿಸಿದಷ್ಟೂ ಕಿವಿ ದಣಿದು ವಿವರ ಬಿಟ್ಟುಹೋಗುತ್ತದೆ. 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂದಾಗ, ಸಿಡಿಗಿಂತ ವಿಡಿಯೊ ಗೇಮ್‌ನಲ್ಲಿದ್ದ ಅದೇ ಹಾಡುಗಳು ಚೊಕ್ಕವಾಗಿವೆ ಅಂತ ಕೇಳುಗರೇ ಕಂಡುಹಿಡಿದರು. ವಿಮರ್ಶಕರಿಗಿಂತ ಮೊದಲು ಅವರು ಕಿವಿ ಕೊಟ್ಟಿದ್ದರು.

ಬ್ರಿಟನ್ನಿನ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಮ್ ನೆನಪಾಗುತ್ತದೆ. 1970ರ ಫೆಬ್ರವರಿಯಲ್ಲಿ ಬಂದಿದ್ದು, ಬಹುಪಾಲು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿದ್ದು. ಗಿಟಾರಿಸ್ಟ್ ಟೋನಿ ಐಯೋಮಿ ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡು, ಪ್ಲಾಸ್ಟಿಕ್ ಕರಗಿಸಿ ಟೊಪ್ಪಿ ಮಾಡಿಕೊಂಡು ನುಡಿಸಿದ ಕಥೆ ಎಲ್ಲರಿಗೂ ಗೊತ್ತು. ಅವರ ಕೆಳಗೆ ಬೇಸ್ ವಾದಕ ಗೀಜರ್ ಬಟ್ಲರ್ ಏನು ಮಾಡುತ್ತಿದ್ದಾರೆ ಅಂತ ಒಮ್ಮೆ ಕೇಳಿ. ಗಿಟಾರ್ ಸೋಲೋಗೆ ಹೋದರೆ ಹಿಂದೆ ರಿಫ್ ಹಿಡಿಯಲು ಇನ್ನೊಬ್ಬ ಗಿಟಾರಿಸ್ಟ್ ಇಲ್ಲ. ಆ ಭಾರವೆಲ್ಲ ಬೇಸ್ ಮೇಲೆ. ಈ ಸಂಗೀತಕ್ಕೆ 'ಹೆವಿ' ಅನ್ನುವ ಮಾತು ಅಂಟಿದ್ದರಲ್ಲಿ ಆ ಬೇಸ್‌ನ ಪಾಲು ಸಣ್ಣದಲ್ಲ. ಆಗಿನ ಎಷ್ಟೋ ವಿಮರ್ಶಕರು ಆ ಆಲ್ಬಮ್‌ನ್ನು ಗದ್ದಲ ಅಂತ ತಳ್ಳಿಹಾಕಿದರು. ಅವರಿಗೂ ಡೆಡ್‌ಲೈನ್ ಇತ್ತೇನೋ.

ಮೊನ್ನೆ ಆ ಹುಡುಗ ಬರೀ ಬೇಸ್ ಟ್ರ್ಯಾಕ್ ಕಳಿಸಿದ, ನಾನು ಕೇಳದೇನೇ. ಬೆರಳಲ್ಲೇ ನುಡಿಸಿದ್ದಾನೆ, ಪಿಕ್ ಇಲ್ಲ. ತಂತಿ ಫ್ರೆಟ್‌ಗೆ ತಾಗುವ ಸದ್ದೂ ಇದೆ. ನಾಲ್ಕನೇ ಹಾಡಿನ ಆ ಜಾಗದಲ್ಲಿ ಒಂದು ಸ್ವರವನ್ನು ಬೇಕಂತಲೇ ತಡವಾಗಿ ಬಿಡುತ್ತಾನೆ, ಡ್ರಮ್ ಮುಂದೆ ಹೋದ ಮೇಲೆ. ಮಿಕ್ಸ್‌ನಲ್ಲಿ ನನಗೆ ದಾರಿ ಬದಲಾಗಿದ್ದು ಗೊತ್ತಾಗಿತ್ತು, ಈ ತಡ ಗೊತ್ತಾಗಿರಲಿಲ್ಲ. ಅಷ್ಟು ಎಳೆಯ ಕೈಯಲ್ಲಿ ಅಂಥ ತಾಳ್ಮೆ ಅಪರೂಪ. ಅದನ್ನೇ ಅವನಿಗೆ ಬರೆದು ಕಳಿಸಿದೆ, ಮುಂದಿನ ಆಲ್ಬಮ್‌ನ ಮಿಕ್ಸ್ ಹೊರಗಿನವರಿಗೆ ಕೊಡಿಸು, ಕೊಡಿಸುವ ತನಕ ಜಗಳ ಆಡು ಅಂತಲೂ ಸೇರಿಸಿದೆ.

ಈ ಶುಕ್ರವಾರವೂ ಒಂದಷ್ಟು ಆಲ್ಬಮ್ ಬಂದಿವೆ. ಒಂದರ ಬಗ್ಗೆ ಮಾತ್ರ ಬರೆಯುತ್ತೇನೆ, ಅದೂ ಮುಂದಿನ ವಾರ ಅಂತ ಸಂಪಾದಕರಿಗೆ ಹೇಳಿದ್ದೇನೆ. ಸ್ಟಾರ್ ಎಷ್ಟು ಅಂತ ಈಗಲೇ ಕೇಳುತ್ತಿದ್ದಾರೆ.